ಮಾವಿನಹಣ್ಣು ಮಾಗಿತ್ತೋ ಇಲ್ಲವೋ

ಹತ್ತನೇ ತರಗತಿಯ ಇಂಗ್ಲಿಷ್ ಉತ್ತರ ಪತ್ರಿಕೆ ನೋಡುವವರಿಗೆಲ್ಲ ಒಂದು ಡೈರಿ ಬಾಯಿಪಾಠ ಬರುತ್ತದೆ. 'ಇವತ್ತು ನನ್ನ ಜೀವನದಲ್ಲಿ ಮರೆಯಲಾಗದ ದಿನ' ಅಂತ ಶುರು. ನಡುವೆ ಒಂದಿಷ್ಟು ಬೇಸರ, ಒಂದಿಷ್ಟು ಕಣ್ಣೀರು. 'ನಿದ್ದೆ ಬರುತ್ತಿದೆ, ಗುಡ್ ನೈಟ್' ಅಂತ ಮುಕ್ತಾಯ. ಪಾತ್ರ ಮುದುಕನದ್ದಿರಲಿ, ಹುಡುಗಿಯದ್ದಿರಲಿ, ಡೈರಿ ಮಾತ್ರ ಅದೇ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಪಾತ್ರದ ಡೈರಿ, ಪತ್ರ, ಸಂಭಾಷಣೆ ಬರೆಸುವುದು ರೂಢಿ. ಮಕ್ಕಳು ಕಥೆಯೊಳಗೆ ಇಳಿದು ಯೋಚಿಸಲಿ ಅಂತಲೇ ಇಂಥ ಪ್ರಶ್ನೆ ಕೊಡುವುದು. ಗೈಡಿನವರು ಅದಕ್ಕೂ ಒಂದು ಅಚ್ಚು ಮಾಡಿಟ್ಟಿದ್ದಾರೆ. ಈಗ ಕಥೆ ಓದದೆಯೇ ಡೈರಿ ಬರೆಯಬಹುದು. ಮಾರ್ಕೂ ಬೀಳುತ್ತದೆ.

ನಾನು ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಪಠ್ಯಪುಸ್ತಕದ ಜೊತೆಗೆ ಒಂಬತ್ತನೆಯವರಿಗೆ ವರ್ಷಕ್ಕೊಂದು ಇಡೀ ಕಾದಂಬರಿ ಓದಿಸುತ್ತೇನೆ. 'ಓದಿಸುವುದು ಸರಿ, ಆಮೇಲೆ ಏನು ಮಾಡಿಸುವುದು?' ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ಆಮೇಲೆ ಏನೂ ಬೇಡ. ಮಾಡಿಸುವುದನ್ನೆಲ್ಲ ಓದುತ್ತಿರುವಾಗಲೇ ಮಾಡಿಸಬೇಕು. ಪುಸ್ತಕ ಮುಗಿದ ಮೇಲೆ 'ನಿನಗೇನನ್ನಿಸಿತು?' ಅಂತ ಕೇಳಿದರೆ ಸಿಗುವುದು ಎರಡೇ. ಒಂದೋ ಕಥೆಯ ಸಾರಾಂಶ, ಇಲ್ಲವೇ 'ತುಂಬಾ ಚೆನ್ನಾಗಿತ್ತು ಟೀಚರ್'.

ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂದದ್ದು 1935ರಲ್ಲಿ. ಅದರಲ್ಲಿ ಒಂದು ಕಡೆ ಅಪ್ಪ ಸ್ವಾಮಿಯನ್ನು ಕೂರಿಸಿಕೊಂಡು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ 10 ಮಾವಿನಹಣ್ಣು. ಅದರಿಂದ ಅವನಿಗೆ 15 ಆಣೆ ಬರಬೇಕು. ಕೃಷ್ಣನಿಗೆ ಬೇಕಾದ್ದು 4 ಹಣ್ಣು ಮಾತ್ರ. ಕೃಷ್ಣ ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕ ಒಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಬಾಯಲ್ಲಿ ನೀರೂರುತ್ತದೆ. 15 ಆಣೆಯೇ ಬೇಕು ಅಂತ ಹಟ ಹಿಡಿದ ಈ ರಾಮ ಎಂಥ ಮನುಷ್ಯ? ಕ್ಲಾಸಿನ ಶಂಕರನ ಹಾಗಿರಬೇಕು ಅಂದುಕೊಳ್ಳುತ್ತಾನೆ. ಕೊನೆಗೆ ಅಪ್ಪನನ್ನೇ ಕೇಳುತ್ತಾನೆ, ಹಣ್ಣು ಮಾಗಿತ್ತೋ ಇಲ್ಲವೋ ಅಂತ.

ಲೆಕ್ಕದ ಮಾಷ್ಟ್ರಿಗೆ ಇದು ತಲೆಹರಟೆ. ಆದರೆ ಕಾದಂಬರಿ ಓದಬೇಕಾದ್ದು ಹೀಗೇ. ಎರಡು ಸಾಲಿನ ಲೆಕ್ಕದಲ್ಲಿ ಇಬ್ಬರು ಮನುಷ್ಯರನ್ನು ಕಂಡವನು ಅವನು. ಅಪ್ಪ ಬಿಡುವುದಿಲ್ಲ. ಬಹಳ ಹೊತ್ತು ಹಿಂಡಿ 6 ಆಣೆ ಅಂತ ಬಾಯಿ ಬಿಡಿಸುತ್ತಾರೆ. ಹುಡುಗ ಉತ್ತರ ಹೇಳಿ ಅತ್ತೇಬಿಡುತ್ತಾನೆ. ಕಾದಂಬರಿ ಪಾಠ ಮಾಡುವಾಗ ನಾವು ಹೆಚ್ಚಿನವರು ಆ ಅಪ್ಪನ ಕೆಲಸವನ್ನೇ ಮಾಡುತ್ತೇವೆ, ಅಲ್ವಾ?

ಸಾಹಿತ್ಯವನ್ನು ಹೇಗೆ ಓದಿಸಬೇಕು ಅನ್ನುವ ಬಗ್ಗೆ ಅಮೆರಿಕದ ಪ್ರಾಧ್ಯಾಪಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ಪುಸ್ತಕ ಬರೆದರು. ಆಮೇಲೆ ಅವರು ಕೊಟ್ಟ ಒಂದು ಉದಾಹರಣೆ ತರಬೇತಿಗಳಲ್ಲಿ ಹೇಳಲು ಚೆನ್ನಾಗಿದೆ. ಮಗು ಏನೋ ವಿಷ ಕುಡಿದುಬಿಟ್ಟಿದೆ. ತಾಯಿ ಬಾಟ್ಲಿಯ ಲೇಬಲ್ ಓದುತ್ತಿದ್ದಾಳೆ. ಅವಳಿಗೆ ಬೇಕಾದ್ದು ಮದ್ದೇನು ಅನ್ನುವುದು ಮಾತ್ರ. ಅದು ಒಂದು ಓದು. ಓದುತ್ತಿರುವಾಗ ಏಳುವ ನೆನಪು, ಸಿಟ್ಟು, ಅನುಮಾನಗಳಿಗೆ ಜಾಗ ಕೊಡುವುದು ಇನ್ನೊಂದು ಓದು. ಹಾಗಂತ ಅನ್ನಿಸಿದ್ದೆಲ್ಲ ಸರಿ ಅಂತ ಅವರು ಹೇಳಲಿಲ್ಲ. ಪುಸ್ತಕದಲ್ಲಿರುವ ಮಾತಿಗೆ ವಿರುದ್ಧ ಹೋಗುವ ಓದು ನಿಲ್ಲುವುದಿಲ್ಲ ಅಂದರು. ಈ ಎರಡನೇ ಮಾತನ್ನು ಜನ ಸುಲಭವಾಗಿ ಮರೆಯುತ್ತಾರೆ. 'ಪ್ರತಿಯೊಬ್ಬರ ಅಭಿಪ್ರಾಯವೂ ಸರಿ ಮಕ್ಕಳೇ' ಅಂತ ಮುಗಿಸಿದರೆ ಅದು ಪಾಠವಲ್ಲ, ಸಮಾಧಾನ ಅಷ್ಟೆ.

ನಾನು ಮಾಡಿಸುವುದು ಬಹಳ ಸರಳ. ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ. ಎಡಗಡೆ ಪುಸ್ತಕದ ಒಂದು ಸಾಲು, ಪುಟ ಸಂಖ್ಯೆ ಸಮೇತ. ಅದು ಇಂಗ್ಲಿಷಿನಲ್ಲೇ ಇರಬೇಕು. ಬಲಗಡೆ ಆ ಸಾಲಿಗೆ ಮಗು ಹೇಳುವ ಮಾತು. ಪ್ರಶ್ನೆ ಆಗಬಹುದು, ಜಗಳ ಆಗಬಹುದು, 'ನಮ್ಮ ಅಜ್ಜಿಯೂ ಹೀಗೇ' ಆಗಬಹುದು. ಮುಂದೇನಾಗುತ್ತದೆ ಅನ್ನುವ ಊಹೆಯೂ ಆಗಬಹುದು. ಒಂದು ಅಧ್ಯಾಯಕ್ಕೆ ಎರಡು ಸಾಲು ಸಾಕು. ಜಾಸ್ತಿ ಕೇಳಿದರೆ ಪಕ್ಕದವರದ್ದು ನೋಡಿ ಬರೆಯುತ್ತಾರೆ.

ಬಲಗಡೆ ಯಾವ ಭಾಷೆಯಾದರೂ ಆಗುತ್ತದೆ. ಇದಕ್ಕೆ ಕಾರಣ ಇದೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಹವ್ಯಕ ಕನ್ನಡ, ಬ್ಯಾರಿ, ಕರಾಡ ಮರಾಠಿ, ಕೊಂಕಣಿ. ಶಾಲೆಯಲ್ಲಿ ಪುಸ್ತಕದ ಕನ್ನಡ. 1956ರಲ್ಲಿ ಈ ಊರು ಕೇರಳಕ್ಕೆ ಸೇರಿದ ಮೇಲೆ ಆಫೀಸು, ಅರ್ಜಿ, ಬಸ್ಸಿನ ಬೋರ್ಡು ಮಲಯಾಳ. ಇಂಗ್ಲಿಷಿನ ಸರದಿ ಇಷ್ಟೆಲ್ಲ ಆದ ಮೇಲೆ. ಮನಸ್ಸಿನಲ್ಲಿ ಈಗ ತಾನೇ ಎದ್ದದ್ದನ್ನು ತಕ್ಷಣ ಇಂಗ್ಲಿಷಿನಲ್ಲಿ ಬರಿ ಅಂದರೆ 'ಇಟ್ ಈಸ್ ವೆರಿ ನೈಸ್' ಬರುತ್ತದೆ, ಇನ್ನೇನು ಬರುತ್ತದೆ? ಮೊದಲು ತುಳುವಿನಲ್ಲಿ ಸಿಟ್ಟು ಮಾಡಿಕೊಳ್ಳಲಿ. ವಾರಕ್ಕೊಮ್ಮೆ ಬಲಗಡೆಯ ಒಂದು ಮಾತನ್ನು ಆರಿಸಿ, ನಾಲ್ಕೈದು ಜನ ಸೇರಿ ಅದನ್ನು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಮಾಡುತ್ತಾರೆ. ಕೆಂಪು ಪೆನ್ನು ಆ ಪ್ಯಾರಾಕ್ಕೆ ಮಾತ್ರ. 'ಇಂಗ್ಲಿಷ್ ಪೀರಿಯಡ್‌ನಲ್ಲಿ ತುಳುವಾ?' ಅಂತ ಸ್ಟಾಫ್‌ರೂಮಿನಲ್ಲಿ ಕೇಳುವವರಿದ್ದಾರೆ. ವ್ಯಾಕರಣ ಕಲಿಸಬಹುದು. ಹೇಳಲು ವಿಷಯವೇ ಇಲ್ಲದವನಿಗೆ ಎಂಥ ವ್ಯಾಕರಣ ಕಲಿಸುವುದು?

'ಸ್ವಾಮಿ ಅಂಡ್ ಫ್ರೆಂಡ್ಸ್' ಕೊನೆಯ ಪುಟಕ್ಕೆ ಬಂದಾಗ ಈ ನೋಟ್‌ಬುಕ್ ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ. ಸ್ವಾಮಿಯ ಗೆಳೆಯ ರಾಜಂ ಊರು ಬಿಟ್ಟು ಹೋಗುತ್ತಿದ್ದಾನೆ. ರೈಲು ಹೊರಟಾಗಿದೆ. ಅವನು ಪತ್ರ ಬರೆಯುತ್ತಾನಾ ಅಂತ ಸ್ವಾಮಿಗೆ ಸಂಕಟ. ಬರೆಯುತ್ತಾನೆ, ನಿನ್ನ ವಿಳಾಸ ಕೊಟ್ಟಿದ್ದೇನೆ ಅನ್ನುತ್ತಾನೆ ಇನ್ನೊಬ್ಬ ಗೆಳೆಯ ಮಣಿ. ಹಾಗಾದರೆ ನನ್ನ ವಿಳಾಸ ಏನು ಹೇಳು ಅಂತ ಸ್ವಾಮಿ ಹಿಡಿದುಕೊಳ್ಳುತ್ತಾನೆ. ಮಣಿ ತಡವರಿಸುತ್ತಾನೆ. ಸ್ವಾಮಿ ಅವನ ಮುಖ ನೋಡುತ್ತಾನೆ. ತಮಾಷೆಯೋ ನಿಜವೋ, ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ. ಅಲ್ಲಿಗೆ ಕಾದಂಬರಿ ಮುಗಿಯಿತು.

ಮಕ್ಕಳಿಗೆ ಇದು ಸಹಿಸುವುದಿಲ್ಲ. 'ಮುಂದಿನ ಪುಟ ಎಲ್ಲಿ ಟೀಚರೇ?' ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುತ್ತೇನೆ, ಮಣಿ ಹೇಳಿದ್ದು ನಿಜವಾ?

'ಲೊಟ್ಟೆ ಟೀಚರೇ. ವಿಳಾಸ ಕೇಳಿದಾಗ ಬಾಯಿ ಕಟ್ಟಿತಲ್ಲ' ಅಂತ ಒಬ್ಬಳು ಅಂದಳು. ಕ್ಲಾಸಿನ ಮುಕ್ಕಾಲು ಪಾಲು ಅವಳ ಪರ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. 'ಅವನ ಮನೆಗೆ ಹೋಗಲು ನನಗೆ ಗುಡ್ಡದ ದಾರಿಯೂ ಗೊತ್ತುಂಟು, ತೋಟದ ದಾರಿಯೂ ಗೊತ್ತುಂಟು. ವಿಳಾಸ ಕೇಳಿದರೆ ನಾನೂ ತಡವರಿಸುತ್ತೇನೆ' ಅಂತ ಪಕ್ಕದವನನ್ನು ತೋರಿಸಿ ಹೇಳಿದ. ಕ್ಲಾಸು ಗಪ್‌ಚುಪ್. ಆಮೇಲೆ ಇನ್ನೊಬ್ಬಳು, 'ಲೊಟ್ಟೆಯಾದರೂ ಆಗ ಅದನ್ನೇ ಹೇಳಬೇಕಿತ್ತು' ಅಂದಳು.

ಮೂವರೂ ನಿಂತದ್ದು ಅದೇ ತಡವರಿಸುವ ಸಾಲಿನ ಮೇಲೆ. ನಾನು ಆಗ ಮಾಡಿದ್ದು ಒಂದೇ, ಮಣಿ ಹಿಂದೆ ಹೇಗಿದ್ದ ಅಂತ ಹಳೆಯ ಪುಟ ತಿರುವಿಸಿದ್ದು. ಮೊದಲ ಅಧ್ಯಾಯಗಳ ಮಣಿಗೆ ಸಿಟ್ಟು ಬಂದರೆ ದೊಣ್ಣೆ ಕೈಗೆ ಬರುತ್ತಿತ್ತು. ಮುಚ್ಚಿಡುವುದು ಅವನ ಸ್ವಭಾವವೇ ಅಲ್ಲ. ಅಂಥವನ ಮುಖ ಕೊನೆಯಲ್ಲಿ ಮುಚ್ಚಿಕೊಂಡದ್ದು ಯಾಕೆ? ಆ ಪೀರಿಯಡ್ ಸಾಲಲಿಲ್ಲ. ಆ ವಾರ ಬಂದ ಇಂಗ್ಲಿಷ್ ಪ್ಯಾರಾಗಳಲ್ಲಿ ಕಾಗುಣಿತದ ತಪ್ಪು ಬೇಕಾದಷ್ಟಿತ್ತು, ಎರಡು ಪ್ಯಾರಾ ಒಂದೇ ಥರ ಇರಲಿಲ್ಲ.

ನಾರಾಯಣರ ಕಥೆಗಳನ್ನು ಆಧರಿಸಿದ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಸೀರಿಯಲ್‌ನ ತುಂಡುಗಳನ್ನು ಮಕ್ಕಳು ಫೋನಿನಲ್ಲಿ ನೋಡಿರುತ್ತಾರೆ. ನೋಡಲಿ. ಪುಸ್ತಕ ಓದಿದ ಮೇಲೆ ನೋಡಿದರೆ ಒಳ್ಳೆಯದು, ಮೊದಲೇ ನೋಡಿದರೆ ಅಗುಂಬೆಯ ಬೀದಿಯೇ ಮಾಲ್ಗುಡಿಯಾಗಿ ತಲೆಯಲ್ಲಿ ಕೂತುಬಿಡುತ್ತದೆ.

ಜಾರ್ಜ್ ಆರ್ವೆಲ್ ಅವರ 'ಅನಿಮಲ್ ಫಾರ್ಮ್'ಗೆ ನೋಟ್‌ಬುಕ್ಕಿನ ಕೊನೆಯ ಪುಟವೂ ಬೇಕು. ಯಜಮಾನನನ್ನು ಓಡಿಸಿದ ಪ್ರಾಣಿಗಳು ಗೋಡೆಯ ಮೇಲೆ ಬರೆದ ಏಳು ಕಟ್ಟಳೆಗಳನ್ನು ಎರಡನೇ ಅಧ್ಯಾಯದಲ್ಲೇ ಅಲ್ಲಿ ಬರೆದಿಡಿಸಬೇಕು. ಯಾವ ಪ್ರಾಣಿಯೂ ಮಂಚದಲ್ಲಿ ಮಲಗಬಾರದು ಅನ್ನುವುದು ಅದರಲ್ಲೊಂದು. ಮುಂದೆ ಹಂದಿಗಳು ಮಂಚದಲ್ಲಿ ಮಲಗಲು ಶುರು ಮಾಡಿದಾಗ ಗೋಡೆಯಲ್ಲಿ 'ಬೆಡ್‌ಶೀಟ್ ಹಾಸಿದ ಮಂಚದಲ್ಲಿ' ಅಂತ ಇರುತ್ತದೆ. ಕ್ಲೋವರ್ ಎಂಬ ಕುದುರೆಗೆ ಶೀಟಿನ ಮಾತು ನೆನಪಿಲ್ಲ. ಗೋಡೆಯಲ್ಲೇ ಇದೆಯಲ್ಲ, ಮೊದಲಿಂದಲೂ ಇದ್ದಿರಬೇಕು ಅಂದುಕೊಳ್ಳುತ್ತದೆ. ನಮ್ಮ ಮಕ್ಕಳೂ ಹಾಗೇ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಒಬ್ಬ ಮಾತ್ರ ಕೊನೆಯ ಪುಟ ತಿರುವುತ್ತಾನೆ. ಅವನು ಕೂಗುವ ಕೂಗು ಪಕ್ಕದ ಕ್ಲಾಸಿಗೂ ಕೇಳಿಸುತ್ತದೆ. 'ಆರ್ವೆಲ್ ಅಧಿಕಾರದ ಬಗ್ಗೆ ಏನು ಹೇಳುತ್ತಾರೆ' ಅಂತ ಬೋರ್ಡಿನಲ್ಲಿ ಬರೆಯುವ ಅಗತ್ಯ ಆಮೇಲೆ ನನಗಂತೂ ಬಿದ್ದಿಲ್ಲ.

ಯಾವ ಪುಸ್ತಕ ಅನ್ನುವ ಪ್ರಶ್ನೆ. ತೆಳ್ಳಗಿರಲಿ, ಅಧ್ಯಾಯ ಚಿಕ್ಕದಿರಲಿ. ದುಡ್ಡಿನ ವಿಷಯವೂ ಇದೆ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಆರ್ವೆಲ್ ತೀರಿಕೊಂಡದ್ದು 1950ರಲ್ಲಿ, ಹಾಗಾಗಿ ಅವರ ಪುಸ್ತಕವನ್ನು ಪ್ರಿಂಟ್ ತೆಗೆದು ಹಂಚಬಹುದು. ಹೆಮಿಂಗ್ವೆ 1961ರಲ್ಲಿ ತೀರಿಕೊಂಡರು, ಅವರದ್ದೂ ಈಗ ಆಗುತ್ತದೆ. ನಾರಾಯಣರದ್ದು ಆಗುವುದಿಲ್ಲ, ಅವರು ಇದ್ದದ್ದು 2001ರವರೆಗೆ. ಪ್ರತಿ ಕೊಳ್ಳಬೇಕು, ಇಲ್ಲ ಊರಿನ ಗ್ರಂಥಾಲಯದಿಂದ ತರಬೇಕು. ಕುಂಬಳೆ, ಮಂಜೇಶ್ವರದ ಕಡಲ ಕರೆಯ ಮಕ್ಕಳಿದ್ದರೆ ಹೆಮಿಂಗ್ವೆಯ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' ಚೆನ್ನಾಗಿ ಹಿಡಿಯುತ್ತದೆ. 84 ದಿನ ಮೀನು ಸಿಗದ ಮುದುಕನ ಕಥೆ. ಗಾಳದ ವಿವರದಲ್ಲಿ ಟೀಚರಿಗೆ ಗೊತ್ತಿಲ್ಲದ್ದನ್ನು ಮಕ್ಕಳೇ ಹೇಳಿಕೊಡುತ್ತಾರೆ.

ಶುರು ಮಾಡಲು ಜೂನ್ 19 ಒಳ್ಳೆಯ ದಿನ. ಕೇರಳದ ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು, ಇಲ್ಲಿ ವಾಚನ ದಿನ ಅಂತ ಆಚರಿಸುತ್ತೇವೆ. ಅಸೆಂಬ್ಲಿಯಲ್ಲಿ ಪ್ರತಿಜ್ಞೆ, ಪೋಸ್ಟರ್, ಭಾಷಣ ಎಲ್ಲ ಆಗುತ್ತದೆ. ಓದುವುದೊಂದು ಆಗುವುದಿಲ್ಲ. ಭಾಷಣ ಒಂದನ್ನು ಬಿಟ್ಟು ಆ ಹೊತ್ತಿನಲ್ಲಿ ಮೊದಲ ಅಧ್ಯಾಯ ಗಟ್ಟಿಯಾಗಿ ಓದಿ. ಟೀಚರೇ ಓದಬೇಕು. ಮಕ್ಕಳಿಂದ ಸರದಿಯಲ್ಲಿ ಓದಿಸಿದರೆ ಪ್ರತಿಯೊಬ್ಬರೂ ತಮ್ಮ ಪ್ಯಾರಾ ಯಾವುದು ಅಂತ ಎಣಿಸುತ್ತಾ ಕೂತಿರುತ್ತಾರೆ. ವಾರಕ್ಕೆ ಒಂದು ಪೀರಿಯಡ್ ಇಟ್ಟುಕೊಂಡು ಕ್ರಿಸ್‌ಮಸ್ ಪರೀಕ್ಷೆಯ ಮೊದಲು ಮುಗಿಸಿ.

ಇನ್ನು ಆ ಡೈರಿ. ಅವರು ಹತ್ತನೆಗೆ ಬಂದಾಗ ಡೈರಿ ಬರೆಯಲೇಬೇಕು. 80 ಮಾರ್ಕಿನ ಪೇಪರು ಅದು, ಬಿಡಲಾಗುವುದಿಲ್ಲ. ನಾನು ಅವರ ಹಳೆಯ ನೋಟ್‌ಬುಕ್ ತರಿಸಿ ಅದರಿಂದಲೇ ಅಭ್ಯಾಸ ಮಾಡಿಸುತ್ತೇನೆ. ರೈಲು ಹೋದ ರಾತ್ರಿ ಮಣಿ ಡೈರಿ ಬರೆದರೆ ಏನು ಬರೆಯುತ್ತಾನೆ? ಪರೀಕ್ಷೆಯಲ್ಲಿ ಬರೆಯುವ ಮೊದಲು ಪ್ರಶ್ನೆ ಓದಿಕೊಳ್ಳಲು 15 ನಿಮಿಷ ಕೂಲ್ ಆಫ್ ಟೈಮ್ ಇರುತ್ತದಲ್ಲ, ಆಗ ಡೈರಿಯ ಪ್ರಶ್ನೆ ನೋಡಿ ಆ ಪಾತ್ರ ಮಾಡಿದ ಒಂದು ಕೆಲಸ, ಆಡಿದ ಒಂದು ಮಾತು ನೆನಪು ಮಾಡಿಕೊಳ್ಳಲು ಹೇಳುತ್ತೇನೆ. ಬರೆಯುವಾಗ ಮೊದಲ ವಾಕ್ಯದಲ್ಲೇ ಅದು ಬರಬೇಕು. 'ಮರೆಯಲಾಗದ ದಿನ' ಅಂತ ಶುರು ಮಾಡಿದವರಿಗೆ ನನ್ನ ಕ್ಲಾಸ್ ಟೆಸ್ಟಿನಲ್ಲಿ ಒಂದು ಮಾರ್ಕು ಕಟ್.