ಬ್ಯಾರಕ್‌ನಲ್ಲಿ ಸಿಕ್ಕ ಮೊಬೈಲ್ ಯಾರದು?

ಪರಪ್ಪನ ಅಗ್ರಹಾರದಂಥ ಜೈಲಿನ ತಪಾಸಣೆಯಲ್ಲಿ ಮೊಬೈಲೋ ಗಾಂಜಾ ಪೊಟ್ಟಣವೋ ಸಿಕ್ಕರೆ ಕಾರಾಗೃಹ ಕಾಯ್ದೆಯ 42ನೇ ಕಲಂ, ಮಾದಕ ವಸ್ತುವಾದರೆ ಎನ್‌ಡಿಪಿಎಸ್ ಕಾಯ್ದೆಯನ್ನೂ ಸೇರಿಸಿ ಕೇಸು ಹಾಕುತ್ತಾರೆ. ವಸ್ತು ಸಿಕ್ಕಿತು ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿರುತ್ತದೆ. ಅದು ಅಲ್ಲಿರುವುದು ಈ ಆರೋಪಿಗೇ ಗೊತ್ತಿತ್ತು, ಅದು ಅವನ ಹಿಡಿತದಲ್ಲೇ ಇತ್ತು ಎಂಬಲ್ಲಿ ಕೇಸು ಕುಂಟುತ್ತದೆ. ಅರಿವಿಲ್ಲದ ಸ್ವಾಧೀನ ಅಪರಾಧವಲ್ಲ ಎಂಬುದು ಶಸ್ತ್ರಾಸ್ತ್ರ ಕಾಯ್ದೆಯಡಿ ಸುಪ್ರೀಂ ಕೋರ್ಟ್ ಕೊಟ್ಟ 1972ರ ಗುಣವಂತಲಾಲ್ ತೀರ್ಪಿನಿಂದಲೂ ನಡೆದು ಬಂದ ನಿಲುವು. ಎನ್‌ಡಿಪಿಎಸ್‌ನ 35ನೇ ಕಲಂ ದುರುದ್ದೇಶವನ್ನು ಇದೆಯೆಂದೇ ಭಾವಿಸಿಕೊಳ್ಳುತ್ತದಲ್ಲ ಎಂದು ಸರ್ಕಾರಿ ವಕೀಲರು ವಾದಿಸುವುದುಂಟು. ಆದರೆ ಸ್ವಾಧೀನವನ್ನು ಮೊದಲು ಅಭಿಯೋಜನೆಯೇ, ಅಂದರೆ ಸರ್ಕಾರಿ ಪಕ್ಷವೇ, ಸಂಶಯಾತೀತವಾಗಿ ತೋರಿಸಬೇಕು ಎಂದು ಅದೇ ಕೋರ್ಟಿನ 2008ರ ನೂರ್ ಆಗಾ ತೀರ್ಪು ಸ್ಪಷ್ಟಪಡಿಸಿದೆ.

ಎಡವಟ್ಟು ಶುರುವಾಗುವುದು ಮಹಜರಿನಲ್ಲಿ, ಅಂದರೆ ವಸ್ತು ಎಲ್ಲಿ ಹೇಗೆ ಸಿಕ್ಕಿತೆಂದು ಬರೆಯುವ ದಾಖಲೆಯಲ್ಲಿ. 'ಬ್ಯಾರಕ್‌ನ ಶೌಚಾಲಯದ ಪಕ್ಕ ದೊರೆಯಿತು' ಎಂದಷ್ಟೇ ಬರೆದರೆ ಅಲ್ಲಿದ್ದ ಎಲ್ಲ ಬಂದಿಗಳ ಮೇಲೂ ಸಮಾನ ಅನುಮಾನ, ಹಾಗಾಗಿ ಯಾರ ಮೇಲೂ ಕೇಸು ನಿಲ್ಲುವುದಿಲ್ಲ. ಯಾರ ಹಾಸಿಗೆ, ಅದು ಅವನದೇ ಎನ್ನಲು ಏನು ಆಧಾರ, ಚೀಲದಲ್ಲಿ ಅವನ ಕೋರ್ಟ್ ಕಾಗದ, ಔಷಧಿ ಚೀಟಿ ಇತ್ತೇ, ಬೀಗವಿದ್ದರೆ ಕೀಲಿ ಯಾರ ಬಳಿ ಇತ್ತು, ಇಷ್ಟೂ ಮಹಜರಿನಲ್ಲಿರಬೇಕು. ಆ ರಾತ್ರಿ ಯಾರ್ಯಾರನ್ನು ಆ ಬ್ಯಾರಕ್‌ನಲ್ಲಿಟ್ಟು ಬೀಗ ಹಾಕಿದ್ದರು ಎಂದು ತೋರಿಸುವ ಲಾಕಪ್ ರಿಜಿಸ್ಟರಿನ ನಕಲೂ ಬೇಕು. ಬೆಳಗ್ಗೆ ವಾರ್ಡರ್ ಕೈಗೆ ಸಿಕ್ಕ ವಸ್ತುವಿಗೆ ಸಂಜೆ ಜೈಲು ಕಚೇರಿಯಲ್ಲಿ ಕೂತು ಮಹಜರು ಬರೆದರೆ ನಡುವಿನ ಗಂಟೆಗಳ ಲೆಕ್ಕ ಕೊಡುವವರಿಲ್ಲ. ಪಾಟೀ ಸವಾಲಿನಲ್ಲಿ ಆರೋಪಿ ಪರ ವಕೀಲರಾದ ನಾವು ಮೊದಲು ಕೈಹಾಕುವುದೇ ಅಲ್ಲಿಗೆ.

ಮೊಬೈಲ್ ಸಿಕ್ಕರೆ ಕರೆ ವಿವರ ತರಿಸುತ್ತಾರೆ. ಸಿಮ್ ಇನ್ಯಾರದೋ ಹೆಸರಲ್ಲಿರುತ್ತದೆ, ಅದರಿಂದ ಹೆಚ್ಚೇನೂ ಸಿಗದು. ಟವರ್ ಲೊಕೇಶನ್ನೂ ಅಷ್ಟೇ, ಜೈಲಿನ ಜೊತೆಗೆ ಸುತ್ತಲಿನ ಬಡಾವಣೆಯನ್ನೂ ತೋರಿಸುತ್ತದೆ. ಯಾರಿಗೆ ಕರೆ ಹೋಗಿದೆ, ಯಾವ ಹೊತ್ತಿಗೆ ಹೋಗಿದೆ ಎಂಬುದರಲ್ಲಿ ಹುರುಳಿದೆ. ಬೀಗ ಹಾಕಿದ ಬ್ಯಾರಕ್‌ನಿಂದ ರಾತ್ರಿ 11ಕ್ಕೆ ಆರೋಪಿಯ ಹೆಂಡತಿಗೆ ಪದೇ ಪದೇ ಕರೆ ಹೋಗಿದ್ದು, ಆ ನಂಬರು ಸಂದರ್ಶಕರ ಪುಸ್ತಕದಲ್ಲೂ ಇದ್ದರೆ ಕೇಸಿಗೆ ಬಲ ಬರುತ್ತದೆ. ಅವನು ಆಸ್ಪತ್ರೆಯಲ್ಲಿದ್ದ ದಿನವೂ ಅದೇ ಫೋನಿನಿಂದ ಅವಳಿಗೆ ಕರೆ ಹೋಗಿದ್ದರೆ? ತನಿಖಾಧಿಕಾರಿ ಇದನ್ನು ನೋಡದಿದ್ದರೆ ಪ್ರತಿವಾದಿ ವಕೀಲರು ನೋಡಿಯೇ ನೋಡುತ್ತಾರೆ.

ಸಣ್ಣದಾಗಿ ಕಂಡರೂ ದುಬಾರಿಯಾಗುವ ಇನ್ನೊಂದು ವಿಷಯ ಐಎಂಇಐ, ಅಂದರೆ ಫೋನಿನ 15 ಅಂಕಿಯ ಗುರುತಿನ ಸಂಖ್ಯೆ. ಎರಡು ಸಿಮ್‌ನ ಫೋನಿಗೆ ಎರಡು ಐಎಂಇಐ ಇರುತ್ತವೆ, ಮಹಜರಿನಲ್ಲಿ ಒಂದೇ ಬರೆದಿರುತ್ತಾರೆ. ಜೊತೆಗೆ ಫೋನಿನ ಮೇಲಿರುವ 15ನೇ ಅಂಕಿ ಕರೆ ವಿವರದಲ್ಲಿ ಬಹಳ ಸಲ ಸೊನ್ನೆಯಾಗಿ ಬರುತ್ತದೆ. ಅದು ತಾಳೆ ನೋಡಲು ಇರುವ ಅಂಕಿ, ಮೊದಲ 14 ಹೊಂದಿದರೆ ಸಾಕು ಎಂದು ಸಿಮ್ ಕಂಪನಿಯ ನೋಡಲ್ ಅಧಿಕಾರಿಯಿಂದ ಹೇಳಿಸದಿದ್ದರೆ 'ಇದು ಬೇರೆಯೇ ಫೋನು' ಎಂಬ ವಾದ ಗೆದ್ದುಬಿಡಬಹುದು. ಕರೆ ವಿವರಕ್ಕೂ ಸಿಸಿಟಿವಿಗೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಕಡತ ಬದಲಾಗಿಲ್ಲ ಎಂದು ತಾಳೆ ನೋಡುವ ಹ್ಯಾಶ್ ಮೌಲ್ಯದ ಸಮೇತ, ಇರಲೇಬೇಕು. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುವ ಮುನ್ನವೇ ಸಿಸಿಟಿವಿ ಪ್ರತಿಗೆ ಪತ್ರ ಹೋಗಬೇಕು.

'ನಂದೇ ಸಾರ್' ಎಂದು ಬಂದಿ ವಾರ್ಡರ್ ಮುಂದೆ ಒಪ್ಪಿಕೊಂಡ ಎಂಬುದನ್ನು ನೆಚ್ಚಿಕೊಳ್ಳಬಾರದು. ವಾರ್ಡರ್ ಪೊಲೀಸನಲ್ಲ ಎಂಬುದು ನಿಜ. ಆದರೆ ಬೆದರಿಕೆ, ಆಮಿಷದಿಂದ ಬಂದ ಒಪ್ಪಿಗೆಯನ್ನು ಅದೇ ಸಾಕ್ಷ್ಯ ಅಧಿನಿಯಮದ 22ನೇ ಕಲಂ ತಳ್ಳಿಹಾಕುತ್ತದೆ. ಬ್ಯಾರಕ್‌ನ ದೊಡ್ಡವರ ಪರವಾಗಿ ಬಡ ಬಂದಿ ತಪ್ಪು ಹೊತ್ತುಕೊಳ್ಳುವುದೂ ಜೈಲಿನಲ್ಲಿ ಹೊಸದಲ್ಲ.

ಭೇಟಿಗೆ ಬಂದ ಹೆಂಗಸಿನ ಚೀಲದಲ್ಲಿ ಸಿಕ್ಕಾಗ 'ಬಸ್‌ಸ್ಟ್ಯಾಂಡಲ್ಲಿ ಯಾರೋ ಕೊಟ್ರು' ಎನ್ನುವುದು ಮಾಮೂಲು, ಕೆಲವೊಮ್ಮೆ ಅದು ಸತ್ಯವೂ ಹೌದು. ಬಿಸ್ಕತ್ತಿನ ಪ್ಯಾಕೆಟ್ಟು ಕಂಪನಿಯ ಸೀಲಿನಂತೆಯೇ ಕಾಣುತ್ತಿದ್ದರೆ ಅವಳಿಗೆ ತಿಳಿದಿತ್ತು ಎನ್ನುವುದು ಕಷ್ಟ. ಸೋಪು ಕೊರೆದು ಮತ್ತೆ ಮೆತ್ತಿದ ಗುರುತು, ಪುಸ್ತಕದಲ್ಲಿ ಸುಳ್ಳು ಹೆಸರು, ಹಿಂದಿನ ದಿನ ಅವಳ ಖಾತೆಗೆ ಬಂದ ಹಣ, ಇವು ಒಟ್ಟಿಗೆ ಸಿಕ್ಕರೆ ಮಾತೇ ಬೇರೆ.

ಸಿಬ್ಬಂದಿಯ ವಿಷಯದಲ್ಲಿ ಗೇಟಿನಲ್ಲಿ ಸರಿಯಾಗಿ ನೋಡಲಿಲ್ಲ ಎಂಬುದು ಇಲಾಖಾ ವಿಚಾರಣೆಗೆ ಸಾಕು, ಕ್ರಿಮಿನಲ್ ಶಿಕ್ಷೆಗೆ ಸಾಲದು. ಗೊತ್ತಿದ್ದೇ ಬಿಟ್ಟ ಎನ್ನಬೇಕಾದರೆ ಅವನ ಖಾತೆಯ ಜೊತೆಗೆ ಮನೆಯವರ ಖಾತೆಗಳ ಯುಪಿಐ ವಿವರವನ್ನೂ ತರಿಸಬೇಕು.