ಲೆಕ್ಕಕ್ಕೆ ಬಾರದ ಸೈಕಲ್ಲು, ಲೆಕ್ಕಕ್ಕೆ ಬಾರದ ನಡಿಗೆ

ವಿಜಯಪುರದ ಗಾಂಧಿ ಚೌಕದಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಅರ್ಧ ತಾಸು ನಿಂತರೆ ಊರು ಯಾವುದರ ಮೇಲೆ ನಡೆದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು, ಬುತ್ತಿಯ ಚೀಲ ಹಿಡಿದು ಕೆಲಸಕ್ಕೆ ಹೊರಟ ಹೆಂಗಸರು, ತಲೆಯ ಮೇಲೆ ಕಾಯಿಪಲ್ಯದ ಬುಟ್ಟಿ ಹೊತ್ತು ಶಾಸ್ತ್ರಿ ಮಾರುಕಟ್ಟೆಯತ್ತ ನಡೆಯುವವರು, ಒಬ್ಬರ ಕೈ ಒಬ್ಬರು ಹಿಡಿದು ರಸ್ತೆ ದಾಟಲು ಕಾದು ನಿಂತ ಶಾಲೆಯ ಮಕ್ಕಳು. ರಸ್ತೆ ಅಗಲೀಕರಣದ ಯೋಜನೆ ಬರೆಯುವ ಕಾಗದದಲ್ಲಿ ಮಾತ್ರ ಇವರಲ್ಲಿ ಹೆಚ್ಚಿನವರು ಇರುವುದಿಲ್ಲ. ಸೈಕ್ಲಿಂಗ್‌ಗಾಗಿಯೇ ಕ್ರೀಡಾ ವಸತಿ ನಿಲಯವಿರುವ, ರಾಷ್ಟ್ರಮಟ್ಟದ ಸೈಕ್ಲಿಸ್ಟರನ್ನು ಕೊಟ್ಟ ಜಿಲ್ಲೆಯಲ್ಲಿಯೂ, ದುಡಿಮೆಗಾಗಿ ದಿನವೂ ಸೈಕಲ್ ಹೊಡೆಯುವವನ ಹೆಸರಿಗೆ ಒಂದು ಅಂಕಿಯೂ ಸೇರುವುದಿಲ್ಲ. ಇದು ಹೀಗೇಕಾಯಿತು ಎಂದು ತಿಳಿಯಬೇಕಾದರೆ ರಸ್ತೆಯ ಮೇಲಿನ ಎಣಿಕೆ ಯಾವ ಉದ್ದೇಶಕ್ಕೆ ಹುಟ್ಟಿತು ಎಂಬುದನ್ನು ನೋಡಬೇಕು.

ರಸ್ತೆಗಳ ಅಭಿವೃದ್ಧಿಯನ್ನು ಪರಿಶೀಲಿಸಲು 1927ರಲ್ಲಿ ನೇಮಕಗೊಂಡ ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಮ್ಮ ದೇಶದ ರಸ್ತೆಗಳಿಗೆ ಮಾನದಂಡಗಳನ್ನು ರೂಪಿಸುತ್ತ ಬಂದ ಸಂಸ್ಥೆ. ಊರ ಹೊರಗಿನ ರಸ್ತೆಗಳ ಸಂಚಾರ ಗಣತಿಗೆ ಅದು 1972ರಲ್ಲಿ ಹೊರತಂದ ಮಾರ್ಗಸೂಚಿ ಇಂದಿಗೂ ಓದಲು ಯೋಗ್ಯವಾಗಿದೆ. ವರ್ಷಕ್ಕೆ ಎರಡು ಬಾರಿ, ಸುಗ್ಗಿಯ ಕಾಲದಲ್ಲೊಮ್ಮೆ ಮತ್ತು ಬಿಡುವಿನ ಕಾಲದಲ್ಲೊಮ್ಮೆ, ಏಳು ದಿನ ಹಗಲಿರುಳು ಎಣಿಸಬೇಕು. ಹಾದುಹೋಗುವ ಪ್ರತಿ ವಾಹನಕ್ಕೆ ಒಂದರಂತೆ ನಾಲ್ಕು ನೆಟ್ಟನೆಯ ಗೀಟು ಎಳೆದು, ಐದನೆಯದನ್ನು ಅವುಗಳ ಮೇಲೆ ಓರೆಯಾಗಿ ಎಳೆಯಬೇಕು. ಎತ್ತಿನ ಬಂಡಿಗೂ ಸೈಕಲ್ಲಿಗೂ ಆ ನಮೂನೆಯಲ್ಲಿ ಅಂಕಣವಿತ್ತು. ಆದರೆ ಅದು ವಾಹನಗಳ ಗಣತಿಯಾಗಿತ್ತು, ಮನುಷ್ಯರದಲ್ಲ. ಇನ್ನು ಡಾಂಬರು ರಸ್ತೆ ಎಷ್ಟು ದಪ್ಪವಿರಬೇಕು ಎಂದು ನಿರ್ಧರಿಸುವ ಲೆಕ್ಕದಲ್ಲಂತೂ ಮೂರು ಟನ್ನಿಗಿಂತ ಹೆಚ್ಚು ತೂಗುವ ವಾಣಿಜ್ಯ ವಾಹನಗಳಿಗೆ ಮಾತ್ರ ಸ್ಥಾನ. ಅದು ತಪ್ಪೇನಲ್ಲ, ಸೈಕಲ್ಲಿನಿಂದ ರಸ್ತೆ ಕುಸಿಯುವುದಿಲ್ಲ. ರಸ್ತೆಯ ದಪ್ಪಕ್ಕಾಗಿ ರೂಢಿಯಾದ ಈ ದೃಷ್ಟಿ ಊರಿನ ಸಂಚಾರದ ಸಮಸ್ತ ಯೋಚನೆಗೂ ಹಬ್ಬಿದ್ದೇ ತೊಡಕಿಗೆ ಕಾರಣವಾಯಿತು.

ನಗರದ ರಸ್ತೆಗಳಿಗೆ ಬಳಸುವ ‘ಪ್ಯಾಸೆಂಜರ್ ಕಾರ್ ಯೂನಿಟ್’ ಎಂಬ ಅಳತೆಯಲ್ಲಿ ಈ ತೊಡಕು ಇನ್ನಷ್ಟು ಸ್ಪಷ್ಟವಾಗಿದೆ. ಎಲ್ಲ ವಾಹನಗಳನ್ನೂ ಕಾರಿಗೆ ಸಮೀಕರಿಸಿ ಕೂಡಿಸುವ ಈ ಪದ್ಧತಿಯಲ್ಲಿ ಸೈಕಲ್ಲು ಸುಮಾರು ಅರ್ಧ ಕಾರು. ನಮ್ಮ ಊರಿನ ಟಾಂಗಾ ಒಂದು ಕಾರಿಗಿಂತ ಹೆಚ್ಚು. ಟಾಂಗಾಕ್ಕೆ ದೊಡ್ಡ ಅಂಕಿ ಸಿಕ್ಕಿತೆಂದು ಸಂತೋಷಪಡುವಂತಿಲ್ಲ, ಏಕೆಂದರೆ ಒಂದು ವಾಹನ ಉಳಿದವುಗಳ ಓಟಕ್ಕೆ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು ಆ ಅಂಕಿ ಹೇಳುತ್ತದೆಯೇ ಹೊರತು ಅದರಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಂಬುದನ್ನಲ್ಲ. ನಡೆದು ಹೋಗುವವರಿಗೆ ಇಲ್ಲಿ ಅಂಕಿಯೇ ಇಲ್ಲ.

ಪಾದಚಾರಿ ಸೌಲಭ್ಯಗಳಿಗೆಂದೇ ಅದೇ ಸಂಸ್ಥೆ 1988ರಲ್ಲಿ ಮಾರ್ಗಸೂಚಿ ಹೊರಡಿಸಿ, 2012ರಲ್ಲಿ ಅದನ್ನು ಪರಿಷ್ಕರಿಸಿತು. ಪಾದಚಾರಿ ಮಾರ್ಗದಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು ಎಂಬುದು ಅದರ ಒಳ್ಳೆಯ ಮಾತು. ಆದರೆ ರಸ್ತೆ ದಾಟುವ ವ್ಯವಸ್ಥೆ ಎಲ್ಲಿ ಬೇಕೆಂಬುದನ್ನು ತೀರ್ಮಾನಿಸಲು ಬಳಸುತ್ತ ಬಂದ ಸೂತ್ರವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ದಟ್ಟಣೆಯ ಒಂದು ಗಂಟೆಯಲ್ಲಿ ದಾಟುವ ಜನರ ಸಂಖ್ಯೆಯನ್ನು, ವಾಹನಗಳ ಸಂಖ್ಯೆಯ ವರ್ಗದಿಂದ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದರಿಂದ) ಗುಣಿಸಿದಾಗ ಬರುವ ಮೊತ್ತ ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಹತ್ತು ಕೋಟಿಯನ್ನೂ, ವಿಭಜಕವಿರುವ ರಸ್ತೆಯಲ್ಲಿ ಇಪ್ಪತ್ತು ಕೋಟಿಯನ್ನೂ ದಾಟಬೇಕು. ಗಂಟೆಗೆ 1,000 ವಾಹನಗಳು ಓಡುವ ವಿಭಜಕವಿಲ್ಲದ ರಸ್ತೆಯಲ್ಲಿ ನೂರಕ್ಕಿಂತ ಹೆಚ್ಚು ಜನ ದಾಟುತ್ತಿದ್ದರೆ ಸೌಲಭ್ಯಕ್ಕೆ ಅರ್ಹತೆ ಬರುತ್ತದೆ. ಐವತ್ತೇ ಜನರಾದರೆ ಬರುವುದಿಲ್ಲ. ಆದರೆ ಆ ಐವತ್ತರ ಹಿಂದೆ, ಭಯದಿಂದ ದಾಟುವುದನ್ನೇ ಬಿಟ್ಟ ಅಜ್ಜಿಯರೂ, ಮಗುವನ್ನು ಕಳಿಸಲು ಧೈರ್ಯ ಸಾಲದೆ ಬೈಕಿನಲ್ಲಿ ಬಿಟ್ಟು ಬರುವ ತಂದೆಯರೂ ಇರುತ್ತಾರೆ. ಇಂಥವರನ್ನು ಒಂದು ಗಂಟೆಯ ಎಣಿಕೆ ಹಿಡಿಯಲಾರದು. ಪಕ್ಕದಲ್ಲಿ ನಿಂತು ಕೇಳುವವರೊಬ್ಬರು ಬೇಕು.

ವಾಹನಗಳ ಸಂಚಾರಕ್ಕಿಂತ ಜನರ ಸಂಚಾರ ಮುಖ್ಯ ಎಂದು ಕೇಂದ್ರ ಸರ್ಕಾರ ತನ್ನ ನಗರ ಸಾರಿಗೆ ನೀತಿಯಲ್ಲಿ 2006ರಲ್ಲಿಯೇ ಹೇಳಿತು. 2011ರ ಜನಗಣತಿಯಲ್ಲಿ, ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂಬ ಪ್ರಶ್ನೆಯೂ ಇತ್ತು. ಕೃಷಿ ಮತ್ತು ಗೃಹ ಕೈಗಾರಿಕೆಯನ್ನು ಬಿಟ್ಟು ಇತರ ಕೆಲಸಗಳಲ್ಲಿದ್ದ ಸುಮಾರು 20 ಕೋಟಿ ಜನರಲ್ಲಿ ನಾಲ್ಕೂವರೆ ಕೋಟಿಯಷ್ಟು ಜನ ನಡೆದೂ, ಎರಡೂವರೆ ಕೋಟಿಗಿಂತ ಹೆಚ್ಚು ಜನ ಸೈಕಲ್ಲಿನಲ್ಲಿಯೂ ಕೆಲಸಕ್ಕೆ ಹೋಗುತ್ತಿದ್ದರು. ಆ ಪ್ರಶ್ನೆ ದುಡಿಯುವವರಿಗೆ ಮಾತ್ರ ಸೀಮಿತವಾಗಿತ್ತು; ಶಾಲೆಗೆ ಹೋಗುವ ಹುಡುಗಿ, ರೇಷನ್ ತರಲು ಹೋದ ತಾಯಿ ಅದರಲ್ಲಿಯೂ ಇಲ್ಲ. ನಮ್ಮ ರಾಜ್ಯ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚಿತು. ಅಷ್ಟು ಸೈಕಲ್ಲುಗಳು ಯಾವ ಬೀದಿಯಲ್ಲಿ ಸಾಗಿದವು, ಯಾವ ತಿರುವಿನಲ್ಲಿ ಇಳಿದು ತಳ್ಳಬೇಕಾಯಿತು ಎಂದು ಬೀದಿಯಲ್ಲಿ ನಿಂತು ಬರೆದಿಟ್ಟಿದ್ದರೆ, ಅದು ಇಂದಿನ ಯೋಜನೆಗಳಿಗೆ ದೊಡ್ಡ ಆಸ್ತಿಯಾಗುತ್ತಿತ್ತು.

ಈ ಕೊರತೆಯನ್ನು ನಾಗರಿಕರೇ ತುಂಬಬಹುದು ಎಂಬುದನ್ನು ಬೇರೆ ದೇಶಗಳ ಅನುಭವ ತೋರಿಸಿದೆ. ಕೋಪನ್‌ಹೇಗನ್ನಿನ ಸ್ಟ್ರಾಯೆಟ್ ಬೀದಿಯಲ್ಲಿ 1962ರಲ್ಲಿ ಕಾರುಗಳನ್ನು ನಿಲ್ಲಿಸಿದ ಮೇಲೆ, ವಾಸ್ತುಶಿಲ್ಪಿ ಯಾನ್ ಗೆಲ್ ಆ ದಶಕದಲ್ಲಿಯೇ ಅಲ್ಲಿ ನಡೆಯುವವರನ್ನೂ ಕುಳಿತವರನ್ನೂ ಎಣಿಸತೊಡಗಿದರು. ಅಮೆರಿಕದಲ್ಲಿ 2004ರ ಸುಮಾರಿಗೆ ರೂಪುಗೊಂಡ ಸೈಕಲ್ ಮತ್ತು ಪಾದಚಾರಿ ದಾಖಲೀಕರಣ ಯೋಜನೆ ಸ್ವಯಂಸೇವಕರಿಗೆ ಒಂದೇ ಬಗೆಯ ನಮೂನೆಯನ್ನು ಕೊಟ್ಟಿತು: ಎರಡು ಗಂಟೆ ಕೂರಬೇಕು, ಹದಿನೈದು ನಿಮಿಷಕ್ಕೊಮ್ಮೆ ಹೊಸ ಸಾಲು ಆರಂಭಿಸಬೇಕು, ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆ ಬರೆಯಬೇಕು, ಸೈಕಲ್ಲನ್ನಲ್ಲ, ಅದರ ಮೇಲಿರುವ ಜನರನ್ನು ಎಣಿಸಬೇಕು. ಹಿಂದೆ ತಂಗಿಯನ್ನು ಕೂರಿಸಿಕೊಂಡು ಬಂದ ಹುಡುಗ ಅಲ್ಲಿ ಎರಡು ಗೀಟು.

ನಮ್ಮಲ್ಲಿ ಅದೇ ನಮೂನೆಯನ್ನು ಹಾಗೆಯೇ ಎತ್ತಿ ತರುವುದು ಸಾಲದು. ನಾನು ಒಂದು ದಿನ ಗಾಂಧಿ ಚೌಕದ ಅಂಗಡಿಯೊಂದರ ಕಟ್ಟೆಯ ಮೇಲೆ ವಹಿ ಹಿಡಿದು ಕುಳಿತಾಗ ಮೊದಲ ಹತ್ತು ನಿಮಿಷದಲ್ಲಿಯೇ ಕೈ ತಡೆಯಿತು. ಬಾಳೆಹಣ್ಣಿನ ತಳ್ಳುಗಾಡಿಯವನು ಪಾದಚಾರಿಯೋ ವಾಹನವೋ? ಎರಡು ಮೂಟೆ ಹೇರಿದ ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ಹೊರಟ ಮುದುಕ ಯಾವ ಅಂಕಣಕ್ಕೆ? ಇಬ್ಬರಿಗೂ ಬೇರೆ ಬೇರೆ ಅಂಕಣ ಬೇಕೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅವರಿಗೆ ಬೇಕಾದ ರಸ್ತೆಯ ಅಂಚು ಬೇರೆ. ಬೈಕು ನಿಂತಿದ್ದರಿಂದಲೋ ಚರಂಡಿಯ ಕಲ್ಲು ಎದ್ದಿದ್ದರಿಂದಲೋ ಪಾದಚಾರಿ ಮಾರ್ಗ ಬಿಟ್ಟು ಡಾಂಬರಿಗೆ ಇಳಿದವರನ್ನು ಗುರುತಿಸಲು ಇನ್ನೊಂದು ಅಂಕಣವಿದ್ದರೆ, ಆ ಹಾಳೆ ಪಾಲಿಕೆಯ ಎಂಜಿನಿಯರರಿಗೆ ನೇರವಾಗಿ ಉಪಯೋಗವಾಗುತ್ತದೆ.

ಸಮಯವನ್ನೂ ನಮ್ಮ ಹವೆಗೆ ಹೊಂದಿಸಿಕೊಳ್ಳಬೇಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನದ ಎಣಿಕೆ ನೆರಳಿಲ್ಲದ ರಸ್ತೆಯ ಕಥೆಯನ್ನು ಹೇಳೀತೇ ಹೊರತು ಊರಿನ ಓಡಾಟದ ಕಥೆಯನ್ನಲ್ಲ. ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರ ಜಾತ್ರೆಯ ದಿನಗಳನ್ನು ಪ್ರತ್ಯೇಕವಾಗಿ ಎಣಿಸಬೇಕು, ವಾಡಿಕೆಯ ದಿನಗಳೊಂದಿಗೆ ಬೆರೆಸಬಾರದು. ಗಾಂಧಿ ಚೌಕ, ಬಸ್ ನಿಲ್ದಾಣದ ಮುಂಭಾಗ, ಗೋಳಗುಮ್ಮಟದ ಎದುರಿನ ಸ್ಟೇಷನ್ ರಸ್ತೆ, ಈ ಮೂರು ಕಡೆಯಿಂದ ಆರಂಭಿಸಿದರೂ ಸಾಕು. ಕಾಲೇಜಿನ ಹತ್ತಿಪ್ಪತ್ತು ವಿದ್ಯಾರ್ಥಿಗಳು, ಗೀಟು ಎಳೆಯಲು ಪೆನ್ಸಿಲು, ಹಿರಿಯರೊಬ್ಬರ ಮೇಲುಸ್ತುವಾರಿ ಇಷ್ಟರಿಂದಲೇ ಮೊದಲ ವರ್ಷದ ಕೆಲಸ ಮುಗಿಯುತ್ತದೆ. ಮರುವರ್ಷ ಅದೇ ತಿಂಗಳು, ಅದೇ ವಾರ, ಅದೇ ಕಟ್ಟೆಯ ಮೇಲೆ ಮತ್ತೆ ಕೂರಬೇಕು. ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಏನು ಹೆಚ್ಚಿತು, ಏನು ಕುಗ್ಗಿತು ಎಂಬುದು ಹೇಳಲು ಬರುತ್ತದೆ.