ಅಳತೆ ತಪ್ಪಿದ ಜಾಬನ್ನು ಉಳಿಸಿಕೊಳ್ಳುವ ಬಗೆ: ಮನೆಯ ವರ್ಕ್‌ಶಾಪಿನ ಕಲಿಕೆಗೆ ಒಂದು ಟಿಪ್ಪಣಿ

ಲೇಥ್ ಅಥವಾ ಮಿಲ್ಲಿಂಗ್ ಯಂತ್ರದ ಮೇಲೆ ಕೆಲಸ ಕಲಿಯುವವರಿಗೆಲ್ಲ ಒಂದಲ್ಲ ಒಂದು ದಿನ ಅಳತೆ ತಪ್ಪುತ್ತದೆ, ರಂಧ್ರದೊಳಗೆ ಥ್ರೆಡ್ (ಸ್ಕ್ರೂ ಕೂರುವ ಸುರುಳಿ ಗೀರು) ಕತ್ತರಿಸುವ ಟ್ಯಾಪ್ ಮುರಿಯುತ್ತದೆ, ಇಲ್ಲವೇ ರಂಧ್ರ ಜಾಗ ಬಿಟ್ಟು ಬೀಳುತ್ತದೆ. ಇಂಥ ತಪ್ಪುಗಳಲ್ಲಿ ಬಹುಪಾಲನ್ನು ಸರಿಪಡಿಸಬಹುದು ಎಂಬುದು ನನ್ನ ಅನುಭವ. ಆದರೆ ಗಾಬರಿಯಲ್ಲಿ, ಹಿಡಿದಿಡುವ ದವಡೆಗಳಿರುವ ಚಕ್ ಸಡಿಲಿಸಿ ಜಾಬನ್ನು, ಅಂದರೆ ಕೆಲಸ ನಡೆಯುತ್ತಿರುವ ಲೋಹದ ತುಂಡನ್ನು, ಕೈಗೆ ತೆಗೆದುಕೊಂಡುಬಿಟ್ಟರೆ ಸುಲಭದ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ. ಆದ್ದರಿಂದ ತಪ್ಪು ಕಂಡ ಕ್ಷಣದಲ್ಲಿ ಏನು ಮಾಡಬೇಕು ಎಂಬಲ್ಲಿಂದಲೇ ಆರಂಭಿಸುತ್ತೇನೆ.

ಮೊದಲು ಟೂಲನ್ನು ಹಿಂದಕ್ಕೆ ಸರಿಸಿ, ಯಂತ್ರವನ್ನು ಆರಿಸಿ, ಸ್ಪಿಂಡಲ್ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಆ ಹೊತ್ತಿಗೆ ಡಯಲ್ ತೋರಿಸುತ್ತಿದ್ದ ಅಂಕಿಯನ್ನು ಕಾಗದದ ಮೇಲೆ ಬರೆದಿಡಬೇಕು. ಜಾಬನ್ನು ಮಾತ್ರ ಬಿಚ್ಚಬಾರದು. ಮೂರು ದವಡೆಯ ಚಕ್‌ನಿಂದ ಒಮ್ಮೆ ಹೊರಬಂದ ಜಾಬ್ ಮತ್ತೆ ಅದೇ ಕೇಂದ್ರಕ್ಕೆ ಕೂರುತ್ತದೆಂಬ ಭರವಸೆಯಿಲ್ಲ. ಈಗಾಗಲೇ ಬಿಚ್ಚಿಬಿಟ್ಟಿದ್ದರೆ ನಾಲ್ಕು ದವಡೆಯ ಚಕ್‌ನಲ್ಲಿ ಹಿಡಿದು, ಸೂಕ್ಷ್ಮ ಓಲಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಇಂಡಿಕೇಟರ್ ಇಟ್ಟು, ಕೈಯಿಂದ ತಿರುಗಿಸುತ್ತ ಸೆಂಟರ್ ಮಾಡಬೇಕಾಗುತ್ತದೆ. ಒಂದು ಪೂರ್ತಿ ಸುತ್ತಿನಲ್ಲಿ ಮುಳ್ಳು 0.10 ಮಿ.ಮೀ. ಓಡಾಡಿದರೆ ಜಾಬ್ ಕೇಂದ್ರದಿಂದ ಸರಿದಿರುವುದು ಅದರ ಅರ್ಧ, ಅಂದರೆ 0.05 ಮಿ.ಮೀ. ಮಾತ್ರ ಎಂಬುದು ನೆನಪಿರಲಿ.

ಅನಂತರ ಜಾಬ್ ತಣ್ಣಗಾದ ಮೇಲೆ ಅಳೆಯಬೇಕು. 50 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ದಂಡ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 0.035 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು ಹಿಗ್ಗುತ್ತದೆ. ಬಿಸಿಯಿರುವಾಗ ಸರಿಯಾಗಿ ಕಂಡ ಅಳತೆ ತಣಿದ ಮೇಲೆ ಕಡಿಮೆಯಾಗುವುದು ಇದರಿಂದಲೇ. ಬೇರಿಂಗ್ ಕೂರುವ ಜಾಗದಲ್ಲಿ ಅಷ್ಟು ವ್ಯತ್ಯಾಸವೇ ಸಾಕು, ಕೆಲಸ ಕೆಡುತ್ತದೆ.

ಲೋಹ ಇನ್ನೂ ಹೆಚ್ಚು ಉಳಿದಿದ್ದರೆ ಚಿಂತೆಯಿಲ್ಲ, ಮತ್ತೊಂದು ಕಟ್ ತೆಗೆದರಾಯಿತು. ಕಷ್ಟವಿರುವುದು ಲೋಹ ಹೆಚ್ಚು ಹೋದಾಗ. ನಾನು ಒಮ್ಮೆ 20 ಮಿ.ಮೀ. ಬೇರಿಂಗಿಗೆ ಶಾಫ್ಟ್ ಮಾಡುತ್ತಿದ್ದೆ. ಮೈಕ್ರೋಮೀಟರ್ 20.10 ತೋರಿಸಿತು, 0.10 ತೆಗೆಯಬೇಕೆಂದು, ಟೂಲನ್ನು ಜಾಬಿನತ್ತ ಸರಿಸುವ ಕ್ರಾಸ್ ಸ್ಲೈಡಿನ ಡಯಲನ್ನು 0.10 ತಿರುಗಿಸಿದೆ. ಆ ಡಯಲ್ ಸ್ಲೈಡ್ ಮುಂದೆ ಸರಿದ ದೂರವನ್ನು ತೋರಿಸುವಂಥದ್ದು. ಟೂಲ್ 0.10 ಮುಂದೆ ಹೋದರೆ ಎರಡೂ ಬದಿಯಿಂದ ಅಷ್ಟಷ್ಟು ಲೋಹ ಹೋಗಿ, ವ್ಯಾಸದಲ್ಲಿ 0.20 ಕಡಿಮೆಯಾಗುತ್ತದೆ. ಶಾಫ್ಟ್ 19.90ಕ್ಕೆ ಬಂದು ನಿಂತಿತು. ಕೆಲವು ಲೇಥ್‌ಗಳ ಡಯಲ್ ವ್ಯಾಸವನ್ನೇ ನೇರವಾಗಿ ತೋರಿಸುತ್ತದೆ, ಕೆಲವು ತ್ರಿಜ್ಯವನ್ನು ತೋರಿಸುತ್ತವೆ. ನಿಮ್ಮ ಯಂತ್ರದ್ದು ಯಾವುದು ಎಂಬುದನ್ನು ಒಂದು ಬೇಡದ ತುಂಡಿನ ಮೇಲೆ ಇಂದೇ ಪರೀಕ್ಷಿಸಿ, ಡಯಲಿನ ಪಕ್ಕದಲ್ಲಿ ಬರೆದು ಅಂಟಿಸಿಡಿ. ಡಯಲನ್ನು ಹಿಂದಕ್ಕೆ ತಿರುಗಿಸುವಾಗಲೂ ಎಚ್ಚರ ಬೇಕು. ಸ್ಕ್ರೂ ಮತ್ತು ನಟ್ಟಿನ ನಡುವೆ ಬ್ಯಾಕ್‌ಲ್ಯಾಶ್ ಎಂಬ ಸಡಿಲವಿರುವುದರಿಂದ, ಅರ್ಧ ಸುತ್ತಿಗಿಂತ ಹೆಚ್ಚು ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬರುತ್ತಲೇ ಬೇಕಾದ ಅಂಕಿಯನ್ನು ಮುಟ್ಟಬೇಕು.

ಜೊತೆಗೆ ಕೂರಬೇಕಾದ ಭಾಗವನ್ನು ನೀವೇ ಮಾಡುವುದಾದರೆ, ಅದು ಇನ್ನೂ ಆಗಿಲ್ಲದಿದ್ದರೆ, ಅದರ ಬೋರನ್ನು (ಒಳರಂಧ್ರವನ್ನು) 19.90ಕ್ಕೆ ಹೊಂದಿಸಿಕೊಳ್ಳುವುದೇ ಎಲ್ಲಕ್ಕಿಂತ ಸುಲಭದ ಪರಿಹಾರ. ನನ್ನದು ಕೊಂಡು ತಂದ ಬೇರಿಂಗ್ ಆಗಿದ್ದರಿಂದ ಆ ದಾರಿ ಇರಲಿಲ್ಲ. ಬೇರಿಂಗ್ ಕೂರುವ ಜಾಗವನ್ನು 16 ಮಿ.ಮೀ.ಗೆ ಇಳಿಸಿ, ಅದೇ ಉಕ್ಕಿನಿಂದ ಒಳವ್ಯಾಸ 16.05, ಹೊರವ್ಯಾಸ 21 ಮಿ.ಮೀ. ಇರುವ ಸ್ಲೀವ್ (ಮೇಲೆ ತೊಡಿಸುವ ಕೊಳವೆ) ಮಾಡಿದೆ. ಎರಡೂ ಮೈಯನ್ನು ಅಸಿಟೋನ್‌ನಿಂದ ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ರಿಟೇನಿಂಗ್ ಕಾಂಪೌಂಡ್ ಎಂಬ ಅಂಟು ಹಚ್ಚಿ, ತಿರುವುತ್ತ ಒಳಗೆ ತಳ್ಳಿ, 24 ಗಂಟೆ ಮುಟ್ಟದೆ ಬಿಟ್ಟೆ. ಈ ಅಂಟು ಗಾಳಿ ಸಿಗದ ಕಡೆ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಹೊರಗೆ ಉಕ್ಕಿದ ಹನಿ ಹಸಿಯಾಗಿಯೇ ಉಳಿದಿದ್ದರೆ ಒಳಗಿನದ್ದೂ ಹಿಡಿದಿಲ್ಲವೆಂದು ತಿಳಿಯಬೇಕಿಲ್ಲ. ಮರುದಿನ ಹೊರಮೈಯನ್ನು 20 ಮಿ.ಮೀ.ಗೆ ಸಣ್ಣ ಸಣ್ಣ ಕಟ್‌ಗಳಲ್ಲಿ ಇಳಿಸಿದೆ. ದೊಡ್ಡ ಕಟ್ ತೆಗೆದರೆ ಶಾಖಕ್ಕೆ ಅಂಟು ಮೆದುವಾಗುವ ಅಪಾಯವಿದೆ.

19.90ರ ಶಾಫ್ಟಿಗೇ ಅಂಟು ಹಚ್ಚಿ ಬೇರಿಂಗ್ ಕೂರಿಸಬಾರದೇಕೆ ಎಂದು ಕೇಳಬಹುದು. ಅಷ್ಟು ಸಂದನ್ನು ತುಂಬುವ ಅಂಟುಗಳಿವೆ, ಹಿಡಿದುಕೊಳ್ಳುತ್ತವೆ ಕೂಡ. ಆದರೆ ಶಾಫ್ಟ್ ಬೇರಿಂಗಿನ ನಡುವೆ ನಿಲ್ಲದೆ ಒಂದು ಬದಿಗೆ ಒರಗುತ್ತದೆ, ತಿರುಗುವಾಗ ಅದುರುತ್ತದೆ. ಅಂಟು ಗಟ್ಟಿಯಾದ ಮೇಲೆ ಹೊರಮೈಯನ್ನು ಅದೇ ಕೇಂದ್ರದ ಮೇಲೆ ಕತ್ತರಿಸುವುದರಿಂದ ಸ್ಲೀವ್‌ಗೆ ಆ ದೋಷ ಬರುವುದಿಲ್ಲ. ನರ್ಲಿಂಗ್ ಮಾಡಿ, ಅಂದರೆ ಮೈಮೇಲೆ ಒರಟು ಗೀರುಗಳನ್ನು ಒತ್ತಿ, ಮೈಯನ್ನು ಉಬ್ಬಿಸುವವರೂ ಇದ್ದಾರೆ. ಭಾರ ಬೀಳುವ ಕಡೆ ಆ ಉಬ್ಬು ಬೇಗ ಸವೆಯುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಬೋರ್ ದೊಡ್ಡದಾದಾಗಲೂ ಇದೇ ವಿಧಾನ: ಇನ್ನಷ್ಟು ದೊಡ್ಡದು ಮಾಡಿ ಬುಶ್ (ಒಳಗೆ ಕೂರುವ ಕೊಳವೆ) ಹಾಕಿ, ಬುಶ್ಶನ್ನು ಅಲ್ಲೇ ಬೋರ್ ಮಾಡಬೇಕು.

ಮುರಿದ ಟ್ಯಾಪಿನದ್ದು ಬೇರೆಯೇ ಸಂಕಟ. ಮುರಿದ ತುಂಡನ್ನು ಇಕ್ಕಳದಿಂದ ಹಿಡಿದು ಎಳೆಯುವುದೂ, ಸಾಮಾನ್ಯ ಡ್ರಿಲ್ ಬಿಟ್ಟಿನಿಂದ ಕೊರೆಯುವುದೂ ಬೇಡ. ಬಿಟ್ಟಿಗಿಂತ ಟ್ಯಾಪ್ ಮೆತ್ತಗಿನದ್ದಲ್ಲ; ಬಿಟ್ ಜಾರಿ ಪಕ್ಕದ ಮೆದು ಲೋಹಕ್ಕೆ ಇಳಿದು ರಂಧ್ರವನ್ನೇ ಹಾಳುಮಾಡುತ್ತದೆ. ಸುರಕ್ಷತೆಯ ಕನ್ನಡಕ ಹಾಕಿಕೊಂಡು, ಟ್ಯಾಪಿನ ಫ್ಲೂಟ್‌ಗಳಲ್ಲಿ (ಉದ್ದನೆಯ ತೋಡುಗಳಲ್ಲಿ) ಸಿಕ್ಕಿರುವ ಚಿಪ್ಸನ್ನು ತೆಳುವಾದ ತಂತಿಯಿಂದ ಕೆದಕಿ ತೆಗೆದು, ಎಣ್ಣೆ ಬಿಟ್ಟು, ಸಣ್ಣ ಪಂಚನ್ನು ಫ್ಲೂಟಿನ ಅಂಚಿಗಿಟ್ಟು ಒಮ್ಮೆ ಬಿಚ್ಚುವ ಕಡೆಗೆ, ಒಮ್ಮೆ ಬಿಗಿಯುವ ಕಡೆಗೆ ಮೆಲ್ಲಗೆ ತಟ್ಟಬೇಕು. ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಆ ಮೇಲೆ ತಾಳ್ಮೆಯಿದ್ದರೆ ಹೊರಬರುತ್ತದೆ.

ಅಲುಗದೇ ಇದ್ದರೆ, ಜಾಬ್ ಹಿತ್ತಾಳೆಯದೋ ಅಲ್ಯೂಮಿನಿಯಂನದೋ ಆಗಿದ್ದಲ್ಲಿ, ಗಡಿಯಾರ ರಿಪೇರಿಯವರು ಬಳಸುವ ಹಳೆಯ ಉಪಾಯವೊಂದಿದೆ. ಪಟಿಕವನ್ನು ಬಿಸಿನೀರಿನಲ್ಲಿ ಕರಗುವಷ್ಟೂ ಕರಗಿಸಿ, ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲಿ ಜಾಬನ್ನು ಮುಳುಗಿಸಿ ಬೆಚ್ಚಗೆ ಇಟ್ಟರೆ, ಆ ದ್ರಾವಣ ಉಕ್ಕಿನ ಟ್ಯಾಪನ್ನು ನಿಧಾನವಾಗಿ ತಿಂದುಹಾಕುತ್ತದೆ, ಸುತ್ತಲಿನ ಲೋಹಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಟ್ಯಾಪಿನ ಮೈಯಿಂದ ಸಣ್ಣ ಗುಳ್ಳೆಗಳ ಸಾಲು ಮೇಲೇಳುತ್ತಿರುವುದು ಕೆಲಸ ನಡೆಯುತ್ತಿರುವ ಗುರುತು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯ ಜ್ವಾಲೆಯಿಂದ ದೂರವಿಟ್ಟು ಮಾಡಬೇಕು; ಜಾಬಿನಲ್ಲಿರುವ ಬೇರೆ ಉಕ್ಕಿನ ಪಿನ್ನು, ಸ್ಕ್ರೂಗಳನ್ನು ಮೊದಲೇ ತೆಗೆಯಬೇಕು. ಉಕ್ಕಿನ ಜಾಬಿಗೆ ಇದು ಸಲ್ಲದು.

ಮರಳಿ ಟ್ಯಾಪ್ ಮಾಡುವಾಗ ರಂಧ್ರದ ಅಳತೆಯನ್ನು ಯೋಚಿಸಿ. ಎಂ6 (6 ಮಿ.ಮೀ. ಥ್ರೆಡ್ಡಿನ) ಟ್ಯಾಪಿಗೆ 5 ಮಿ.ಮೀ. ರಂಧ್ರದಲ್ಲಿ ಪೂರ್ಣ ಥ್ರೆಡ್ಡಿನ ಸುಮಾರು 77 ಪ್ರತಿಶತ ಎತ್ತರ ಸಿಗುತ್ತದೆ; 5.2 ಮಿ.ಮೀ.ನಲ್ಲಿ ಸುಮಾರು 62 ಪ್ರತಿಶತ. ಗಟ್ಟಿ ಲೋಹದಲ್ಲಿ, ಆಳ ಸಾಕಷ್ಟಿದ್ದಾಗ, ಎರಡನೆಯದೇ ಲೇಸು. ಟ್ಯಾಪಿನ ಮೇಲೆ ಬೀಳುವ ಒತ್ತಡ ಬಹಳ ಕಡಿಮೆಯಾಗುತ್ತದೆ.

ಜಾಗ ತಪ್ಪಿದ ರಂಧ್ರಕ್ಕೆ ಅದೇ ಲೋಹದ ಪ್ಲಗ್ ಮಾಡಿ, ಥ್ರೆಡ್ ಹಾಕಿ ಅಂಟಿನೊಂದಿಗೆ ಬಿಗಿದು, ಮೇಲ್ಮೈಗೆ ಸಮ ಮಾಡಬಹುದು. ಹೊಸ ರಂಧ್ರ ಪ್ಲಗ್ಗಿನ ಅಂಚಿನ ಮೇಲೆಯೇ ಬೀಳುವುದಾದರೆ ಡ್ರಿಲ್ ಬಿಟ್ ಒಂದು ಕಡೆಗೆ ಎಳೆದುಕೊಂಡು ಹೋಗುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಜಾಬನ್ನು ಬಿಗಿಯಾಗಿ ಹಿಡಿದು ತುದಿಯಿಂದಲೂ ಬದಿಯಿಂದಲೂ ಕತ್ತರಿಸುವ ಎಂಡ್ ಮಿಲ್‌ನಿಂದ ಇಳಿಸಿದರೆ ನೇರವಾಗಿ ಬರುತ್ತದೆ.

ಈ ಯಾವ ತೇಪೆಯನ್ನೂ ಹಾಕಬಾರದ ಜಾಬ್‌ಗಳಿವೆ. ವೇಗವಾಗಿ ತಿರುಗುವ ಫ್ಲೈವೀಲ್, ಒತ್ತಡದ ಹಬೆ ಹಿಡಿದಿಡುವ ಬಾಯ್ಲರ್, ಮನುಷ್ಯರ ಭಾರ ಹೊರುವ ಕೊಂಡಿ ಇವುಗಳಲ್ಲಿ ಅಳತೆ ತಪ್ಪಿದರೆ ಹೊಸ ಲೋಹ ತೆಗೆದುಕೊಂಡು ಮೊದಲಿನಿಂದ ಮಾಡಬೇಕು. ಕೆಟ್ಟ ತುಂಡಿನ ಮೇಲೆ ಲೋಹದ ಹೆಸರನ್ನೂ ಉಳಿದಿರುವ ವ್ಯಾಸವನ್ನೂ ಮಾರ್ಕರಿನಿಂದ ಬರೆದು ತೆಗೆದಿಟ್ಟರೆ, ಮುಂದೆ ಚಿಕ್ಕ ಬುಶ್ಶಿಗೋ ಪ್ಲಗ್ಗಿಗೋ ಅದೇ ಒದಗುತ್ತದೆ.